.22 ರೈಫಲ್‌ಗೆ ವೋರ್ಟೆಕ್ಸ್ ಕ್ರಾಸ್‌ಫೈರ್ 2: 50 ಯಾರ್ಡಿಗೆ ಝೀರೋ ಮಾಡಿ

ನನ್ನ .22 ರೈಫಲ್ ರೂಗರ್ 10/22 ಮೇಲೆ ಈಗ ಕೂತಿರುವುದು ವೋರ್ಟೆಕ್ಸ್ ಕ್ರಾಸ್‌ಫೈರ್ 2, 2-7×32 ರಿಮ್‌ಫೈರ್ ಸ್ಕೋಪ್, ಅಂದರೆ .22ರಂಥ ಸಣ್ಣ ಗುಂಡಿನ ರೈಫಲ್‌ಗೆಂದೇ ಮಾಡಿದ, 2ರಿಂದ 7 ಪಟ್ಟು ದೊಡ್ಡದಾಗಿ ತೋರಿಸುವ ಗುರಿ ದುರ್ಬೀನು. ತಗೊಳ್ಳುವಾಗ ಡಬ್ಬದ ಮೇಲೆ ‘ರಿಮ್‌ಫೈರ್’ ಅಂತ ಇದೆಯಾ ನೋಡಿ. ದೊಡ್ಡ ರೈಫಲ್‌ಗಳ ಸ್ಕೋಪಿನಲ್ಲಿ ಪ್ಯಾರಲ್ಯಾಕ್ಸ್ ಸಾಮಾನ್ಯವಾಗಿ 100 ಯಾರ್ಡಿಗೆ ಸೆಟ್ ಆಗಿರುತ್ತದೆ, ಇದರಲ್ಲಿ 50ಕ್ಕೆ. ಆ ದೂರದಲ್ಲಿ ಕಣ್ಣು ಸ್ವಲ್ಪ ಆಚೀಚೆಯಾದರೂ ಕ್ರಾಸ್‌ಹೇರ್ (ಸ್ಕೋಪಿನೊಳಗೆ ಕಾಣುವ ಅಡ್ಡ-ಉದ್ದ ಗೆರೆ) ಗುರಿ ಬಿಟ್ಟು ಜಾರುವುದಿಲ್ಲ.

ಇಲ್ಲಿ ಟೆಕ್ಸಸ್‌ನ ರೇಂಜಿನಲ್ಲಿ ಹೊಸ ಸ್ಕೋಪ್ ಕಂಡರೆ ಸಾಕು, ಪಕ್ಕದ ಬೆಂಚಿನವರು ‘100ಕ್ಕೆ ಝೀರೋ ಮಾಡು’ (ಆ ದೂರದಲ್ಲಿ ಗುರಿಯಿಟ್ಟ ಕಡೆಗೇ ಗುಂಡು ಬೀಳುವ ಹಾಗೆ ಸ್ಕೋಪ್ ಹೊಂದಿಸು) ಅಂತ ಶುರು ಮಾಡುತ್ತಾರೆ. ಅವರ ದೊಡ್ಡ .308 ರೈಫಲ್‌ಗೆ ಅದು ಸರಿ. .22ಗೆ ಬೇಡ. ನಾನು ಹಾಕುವುದು ಸಿಸಿಐ ಮಿನಿ ಮ್ಯಾಗ್, 40 ಗ್ರೇನ್ ಗುಂಡು, ಸೆಕೆಂಡಿಗೆ 1235 ಅಡಿ ವೇಗ. 50ಕ್ಕೆ ಝೀರೋ ಮಾಡಿದರೆ 25ರಲ್ಲಿ ಕೂದಲೆಳೆಯಷ್ಟು ಮೇಲೆ, 75ರಲ್ಲಿ ಸುಮಾರು 2 ಇಂಚು ಕೆಳಗೆ, 100ರಲ್ಲಿ 6 ಇಂಚಿಗಿಂತ ತುಸು ಜಾಸ್ತಿ ಕೆಳಗೆ ಬೀಳುತ್ತದೆ. 100ಕ್ಕೆ ಮಾಡಿದರೋ, 50ರಲ್ಲಿ ಹತ್ತಿರ ಹತ್ತಿರ 3 ಇಂಚು ಮೇಲೆ! ಸೋಡಾ ಕ್ಯಾನಿನ ನಡುಮಧ್ಯಕ್ಕೆ ಗುರಿಯಿಟ್ಟರೆ ಗುಂಡು ಅದರ ತಲೆ ಮೇಲಿಂದ ಹಾರಿ ಹೋಗುತ್ತದೆ. .22ರ ಮಜಾ ಇರುವುದೇ 25ರಿಂದ 60 ಯಾರ್ಡಿನೊಳಗೆ ಅಲ್ವಾ?

ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇರುತ್ತದೆ. ಅಪ್ಪನಿಗೆ ಸ್ಕೋಪ್ ಅಂದರೆ ಇವತ್ತಿಗೂ ತಾತ್ಸಾರ. ‘ಕಣ್ಣು ಎಲ್ಲಿಗೆ ಹೋಯ್ತು ಮಗಳೇ?’ ಅಂತಾರೆ. ನಲವತ್ತು ದಾಟಿದ ಮೇಲೆ ಎಲ್ಲಿಗೆ ಹೋಗುತ್ತೆ ಅಂತ ಅವರಿಗೇ ಗೊತ್ತಿರಬೇಕು.

ಝೀರೋ ಮಾಡುವುದು ಸಲೀಸು. ಗುರಿ ಸರಿಸುವ ತಿರುಪು, ಅಂದರೆ ಟರೆಟ್ಟಿನ ಮುಚ್ಚಳ ಬಿಚ್ಚಿ ಬೆರಳಲ್ಲೇ ತಿರುಗಿಸಬಹುದು. ಕ್ಲಿಕ್ ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಒಂದು ಕ್ಲಿಕ್ಕಿಗೆ ಕಾಲು ಎಂಒಎ (ಕೋನದ ಅಳತೆ), ಅಂದರೆ 100ರಲ್ಲಿ ಕಾಲು ಇಂಚು. 50ರಲ್ಲಿ ಒಂದು ಇಂಚು ಸರಿಸಲು 8 ಕ್ಲಿಕ್, 25ರಲ್ಲಿ 16. ಮೊದಲು 25ರಲ್ಲಿ ಕಾಗದದ ಮೇಲೆ ಬೀಳುವ ಹಾಗೆ ಮಾಡಿಕೊಂಡು ಆಮೇಲೆ 50ಕ್ಕೆ ಹೋಗಿ. ಒಂದೊಂದೇ ಗುಂಡು ನೋಡಿ ತಿರುಗಿಸಬೇಡಿ. ಮೂರು ಹೊಡೆದು ಅವುಗಳ ನಡುವನ್ನು ಲೆಕ್ಕಕ್ಕೆ ತಗೊಳ್ಳಿ.

ಕೊರತೆ ಇಲ್ಲ ಅಂತಲ್ಲ. ಸ್ಕೋಪಿನೊಳಗಿನ ಗುರಿ ಗುರುತು, ಅಂದರೆ ಇದರ ವಿ-ಪ್ಲೆಕ್ಸ್ ರೆಟಿಕಲ್‌ನಲ್ಲಿ ಬರೀ ಕ್ರಾಸ್‌ಹೇರ್ ಇದೆ, ಕೆಳಗೆ ಅಳತೆಯ ಗೆರೆಗಳಿಲ್ಲ. 100ಕ್ಕೆ ಹೊಡೆಯಬೇಕಾದರೆ 6 ಇಂಚು ಅಂದಾಜಿನಲ್ಲಿ ಮೇಲಕ್ಕೆ ಹಿಡಿಯಬೇಕು, ಇಲ್ಲಾಂದ್ರೆ 24-25 ಕ್ಲಿಕ್ ತಿರುಗಿಸಬೇಕು. ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ರಿಂಗ್‌ಗಳನ್ನು ಬೇರೆಯೇ ಕೊಳ್ಳಬೇಕು. 100ರಲ್ಲೇ ಜಾಸ್ತಿ ಹೊಡೆಯುವವರು ಗೆರೆಗಳಿರುವ ಬೇರೆ ಸ್ಕೋಪ್ ನೋಡಿ. ಉಳಿದವರು ಕಣ್ಣು ಮುಚ್ಚಿ ತಗೊಳ್ಳಬಹುದು. ಗುಂಡಿನ ಬ್ರ್ಯಾಂಡ್ ಬದಲಿಸಿದ ದಿನ ಮಾತ್ರ ಝೀರೋ ಇನ್ನೊಮ್ಮೆ ನೋಡಿಕೊಳ್ಳಿ.