ಚೆಸ್ ಸಾಫ್ಟ್‌ವೇರ್: ಕೊಂಡಿದ್ದು, ಬಿಟ್ಟಿ ಸಿಕ್ಕಿದ್ದು, ಕಾದಿದ್ದು

2020ರ ಮಧ್ಯದಲ್ಲಿ ದುಡ್ಡು ಕೊಟ್ಟು ಒಂದು ಚೆಸ್ ಇಂಜಿನ್ ಕೊಂಡೆ, ಅಂದರೆ ಒಳ್ಳೇ ನಡೆ ಯಾವುದು ಅಂತ ಲೆಕ್ಕಹಾಕುವ ಪ್ರೋಗ್ರಾಂ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸ್ಟಾಕ್‌ಫಿಶ್ 12 ಅನ್ನೋ ಇನ್ನೊಂದು ಇಂಜಿನ್ ಬಂತು. ಎನ್‌ಎನ್‌ಯುಇ ಅನ್ನೋ ಪುಟ್ಟ ನ್ಯೂರಲ್ ನೆಟ್‌ವರ್ಕ್ ಸೇರಿಸಿಕೊಂಡು ಒಂದೇ ನೆಗೆತಕ್ಕೆ ಎಷ್ಟೋ ಮುಂದೆ ಹೋಗಿತ್ತು. ಅದೂ ಬಿಟ್ಟಿ! ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಇನ್ನು ಎಲ್ಲಾ ಒಂದು ಹದಕ್ಕೆ ಬರಲಿ, ಆಮೇಲೆ ಕೊಂಡರಾಯಿತು ಅಂತ ಕೂತೆ. ಸುಮ್ನೆ ಎರಡು ವರ್ಷ ಹೋಯಿತು.

ಕೊನೆಗೆ ಒಂದೇ ಲ್ಯಾಪ್‌ಟಾಪ್‌ನಲ್ಲಿ, ನಾನು ಸೋತ ಒಂದೇ ಆಟವನ್ನು ಹಳೇ ಇಂಜಿನ್, ಸ್ಟಾಕ್‌ಫಿಶ್ ಎರಡಕ್ಕೂ ಕೊಟ್ಟು ನೋಡಿದೆ. ಆನೆ ಮತ್ತು ಒಂದು ಕಾಲಾಳಿನ ಎದುರು ಬರೀ ಆನೆ ಇಟ್ಟುಕೊಂಡು ನಾನು ಡ್ರಾಗೆ ಒದ್ದಾಡುತ್ತಿದ್ದ ಎಂಡ್‌ಗೇಮ್, ಅಂದರೆ ಕೆಲವೇ ಕಾಯಿ ಉಳಿದ ಕೊನೇ ಹಂತ. ಕಪ್ಪು ನನ್ನದು. ಆನೆಯನ್ನು ಆರನೇ ಸಾಲಿನಲ್ಲೇ ಇಟ್ಟುಕೊಂಡು, ಕಾಲಾಳು ಆ ಸಾಲಿಗೆ ಬಂದ ಮೇಲೆ ಹಿಂದಿನಿಂದ ಚೆಕ್ ಕೊಡುತ್ತಾ ಹೋಗಬೇಕು. ಇದು ಹದಿನೆಂಟನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡಾರ್ ಕಾಲದ ಪಾಠ. ನಾನು ಅವಸರಪಟ್ಟು ಮೊದಲೇ ಆನೆಯನ್ನು ಆ ಸಾಲಿನಿಂದ ಸರಿಸಿದೆ, ಆಮೇಲೆ ಇನ್ನೊಂದು ತಪ್ಪು ಮಾಡಿದೆ, ಮುಗೀತು. ಸ್ಟಾಕ್‌ಫಿಶ್ ಆ ಎರಡನೇ ತಪ್ಪನ್ನು ಕಣ್ಣುಮಿಟುಕಿಸುವಷ್ಟರಲ್ಲಿ ತೋರಿಸಿತು. ನಾನು ಬೈದುಕೊಳ್ಳುತ್ತಿದ್ದ ಹಳೇ ಇಂಜಿನ್? ಅದೂ ಅಷ್ಟೇ ಬೇಗ ತೋರಿಸಿತು. ಎರಡರ ನಡುವೆ ಇರುವ ವ್ಯತ್ಯಾಸ ನನ್ನ ತಲೆಗಿಂತ ಎಷ್ಟೋ ಮೇಲೆ ನಡೆಯುವ ಜಗಳ, ಅಲ್ವಾ?

ಇನ್ನು ಟೇಬಲ್‌ಬೇಸ್, ಅಂದರೆ ಕೆಲವೇ ಕಾಯಿ ಉಳಿದ ಎಲ್ಲಾ ಸ್ಥಿತಿಗಳ ಫಲಿತಾಂಶ ಮೊದಲೇ ಲೆಕ್ಕಹಾಕಿಟ್ಟ ಫೈಲ್‌ಗಳು. ಐದು ಕಾಯಿಗಳವರೆಗಿನ ಸಿಜಿಜಿ ಅನ್ನೋ ಟೇಬಲ್‌ಬೇಸ್ ಒಂದು ಜಿಬಿಗೂ ಕಡಿಮೆ, ಬಿಟ್ಟಿ. ನನ್ನ ಎಂಡ್‌ಗೇಮ್‌ನಲ್ಲಿ ರಾಜರೂ ಸೇರಿ ಇದ್ದದ್ದೇ ಐದು ಕಾಯಿ. ಅದು ಹೇಳಿದ್ದೇ ಕೊನೇ ಮಾತು, ಹತ್ತು ವರ್ಷ ಬಿಟ್ಟು ಕೇಳಿದರೂ ಉತ್ತರ ಬದಲಾಗಲ್ಲ. ಆರು ಕಾಯಿಗೆ ಸುಮಾರು 150 ಜಿಬಿ ಬೇಕು. ಅಷ್ಟು ಜಾಗ ನಾನು ಕೊಡಲಿಲ್ಲ.

ಲೀಲಾ ಅನ್ನೋ ಇನ್ನೊಂದು ನ್ಯೂರಲ್ ನೆಟ್‌ವರ್ಕ್ ಇಂಜಿನ್ನೂ ಹಾಕಿದೆ. ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ತೆವಳುತ್ತದೆ. ತೆಗೆದೆ.

ನಿಜವಾದ ಪೈಪೋಟಿ ಇದ್ದದ್ದು ಡೇಟಾಬೇಸ್‌ನಲ್ಲಿ, ಅಂದರೆ ಆಡಿದ ಆಟಗಳನ್ನು ಕೂಡಿಟ್ಟು ಹುಡುಕುವ ಪ್ರೋಗ್ರಾಂನಲ್ಲಿ. ಸ್ಟಾಕ್‌ಫಿಶ್‌ಗೆ ತನ್ನದೇ ಬೋರ್ಡ್ ಇಲ್ಲ. ಯುಸಿಐ, ಅಂದರೆ ಇಂಜಿನ್ ಮತ್ತು ಬೋರ್ಡ್ ಮಾತಾಡಿಕೊಳ್ಳುವ ಭಾಷೆ, ಒಪ್ಪುವ ಯಾವ ಪ್ರೋಗ್ರಾಂನಲ್ಲಾದರೂ ಕೂರುತ್ತದೆ, ನಾನು ಬೈದ ಹಳೇ ಪ್ರೋಗ್ರಾಂನಲ್ಲೂ ಕೂತಿತು. ಬಿಟ್ಟಿ ಸಿಗುವ ಸ್ಕಿಡ್ ಅನ್ನೋ ಡೇಟಾಬೇಸ್‌ನಲ್ಲಿ ಒಂದು ತಿಂಗಳು ನನ್ನ ಓಪನಿಂಗ್ ಫೈಲ್, ಅಂದರೆ ಆಟದ ಶುರುವಿನ ನಡೆಗಳ ಫೈಲ್, ಕಟ್ಟಿದೆ. ಆಗುತ್ತದೆ, ಆದರೆ ಬೇರೆ ಬೇರೆ ಕಡೆಯಿಂದ ತಂದ ಆಟಗಳಲ್ಲಿ ಒಬ್ಬನೇ ಆಟಗಾರನಿಗೆ ಮೂರು ಸ್ಪೆಲಿಂಗ್. ಸರಿಮಾಡುವುದರಲ್ಲೇ ಸಂಜೆ ಕಳೆಯುತ್ತಿತ್ತು. ದುಡ್ಡು ಕೊಡಬೇಕಾದ ಡೇಟಾಬೇಸ್‌ನ ಟ್ರಯಲ್‌ನಲ್ಲಿ ಹೆಸರುಗಳು ಸರಿಯಾಗಿದ್ದವು. ಆಟಗಳಿಗೆ ಟಿಪ್ಪಣಿಯೂ ಇತ್ತು. ಒಂದು ನಡೆ ಯಾಕೆ ಒಳ್ಳೇದು ಅಂತ ಆ ಟಿಪ್ಪಣಿ ಹೇಳುತ್ತದೆ, ಇಂಜಿನ್ ಬರೀ +0.7 ಅನ್ನೋ ಅಂಕ ಕೊಡುತ್ತದೆ.

ಹಾಗಾಗಿ ಇಂಜಿನ್‌ಗೆ ಇನ್ನು ಕಾಸು ಬಿಚ್ಚಲ್ಲ. ಡೇಟಾಬೇಸ್ ಮಾತ್ರ ಕೊಂಡೆ, ನಾನು ಆಡಬೇಕಾದ ಟೂರ್ನಿಗೆ ಇಪ್ಪತ್ತು ದಿನ ಇದ್ದಾಗ. ಎರಡು ವರ್ಷ ಮೊದಲೇ ಕೊಂಡಿದ್ದರೆ ಅಷ್ಟೂ ದಿನದ ನನ್ನ ಆಟಗಳು ಅದರಲ್ಲಿ ಇರುತ್ತಿದ್ದವು. ಹೊಸ ವರ್ಷನ್ ಬಂದರೂ ಆ ಫೈಲ್ ಹಳೇದಾಗುತ್ತಿರಲಿಲ್ಲ. ಈಗ ಕ್ಯಾರೋ-ಕಾನ್ ಅನ್ನೋ ಓಪನಿಂಗ್‌ನ ಫೈಲ್ ಅರ್ಧ ಆಗಿದೆ. ಅದರ ಅಡ್ವಾನ್ಸ್ ವೇರಿಯೇಷನ್ ಇನ್ನೂ ಬಾಕಿ.