ಏರಿ, ಹೊಳೆದಂಡೆ, ಗುಡ್ಡ: ನನ್ನ ಓಟು ಗುಡ್ಡಕ್ಕೆ

ಅಗಲ ಟೈರ್ ಹಾಕಿಸಿದ ಮೇಲೆ ಗುಡ್ಡದ ದಾರಿ ಬಿಟ್ಟು ಬೇರೆ ಕಡೆ ನನಗೆ ಮನಸ್ಸೇ ಹೋಗುತ್ತಿಲ್ಲ. 2.4 ಇಂಚಿನ ಟ್ಯೂಬ್‌ಲೆಸ್ ಟೈರು, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಸೈಕಲ್ಲು. ಕೊಂಡಿದ್ದಕ್ಕೆ ಖುಷಿಯಾಗಿದೆ. ಹಾಗಾಗಿ ಮುಂದೆ ಓದುವಾಗ ಸ್ವಲ್ಪ ಪಕ್ಷಪಾತ ಇದೆ ಅಂತ ಲೆಕ್ಕ ಹಿಡಿದೇ ಓದಿ.

ನದಿ ಪಕ್ಕದ ಬಡಾವಣೆಯಲ್ಲಿ ಇರುವವರಿಗೆ ಮೌಂಟನ್ ಬೈಕ್ ಹಿಡಿದು ಹೊರಟರೆ ಸಾಮಾನ್ಯವಾಗಿ ಮೂರು ಬಗೆಯ ದಾರಿ ಸಿಗುತ್ತವೆ. ಪ್ರವಾಹ ತಡೆಯಲು ಕಟ್ಟಿದ ಏರಿಯ ಮೇಲಿನ ಜಲ್ಲಿ ದಾರಿ ಒಂದು. ಏರಿಗೂ ನೀರಿಗೂ ನಡುವೆ ಪೊದೆಗಳಲ್ಲಿ ನುಸುಳಿ ಹೋಗುವ ಕಾಲುದಾರಿ ಇನ್ನೊಂದು. ಮನೆಗಳ ಹಿಂದೆ ಎದ್ದು ನಿಂತ ಗುಡ್ಡ ಮೂರನೆಯದು. ಹೊಸಬರು ಯಾರನ್ನೇ ಕೇಳಲಿ, ಎಲ್ಲರೂ ತೋರಿಸುವುದು ಹೊಳೆದಂಡೆಯನ್ನೇ. ನೆರಳು, ನೀರು, ಹಕ್ಕಿ, ಎಲ್ಲ ಇದೆಯಲ್ಲ!

ಏರಿಯ ಬಗ್ಗೆ ಹೇಳುವುದು ಕಡಿಮೆ. ದಾರಿ ತಪ್ಪುವುದಿಲ್ಲ, ಬೀಳುವುದಿಲ್ಲ, ಮಳೆ ಬಂದ ಮರುದಿನವೂ ಹೋಗಬಹುದು. ಆದರೆ ಬೋರು. ಅದಕ್ಕಿಂತ ಹೆಚ್ಚಾಗಿ ಗಾಳಿ. ಏರಿಯ ಮೇಲೆ ಮರ ಬೆಳೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಬೇರು ಕೊಳೆತರೆ ಆ ತೂತಿನಲ್ಲಿ ನೀರು ಜಿನುಗಿ ಏರಿಯೇ ಸಡಿಲವಾಗುತ್ತದೆ. ಹಾಗಾಗಿ ಗಾಳಿಗೆ ಅಡ್ಡ ಅನ್ನುವುದು ಏನೂ ಇಲ್ಲ. ಇಳಿಜಾರು ಇಲ್ಲದ್ದರಿಂದ ಪೆಡಲ್ ಬಿಟ್ಟು ಸುಮ್ನೆ ಕೂರುವ ಸುಖವೂ ಇಲ್ಲ. ಹೋಗುವಾಗ ಬೆನ್ನ ಹಿಂದೆ ಇದ್ದ ಗಾಳಿ ಬರುವಾಗ ಎದುರಿಗೆ ನಿಂತರೆ ಮನೆ ದೂರ ಆಗಿಬಿಡುತ್ತದೆ. ಅಗಲ ಟೈರಿಗೆ ಈ ದಾರಿ ದಂಡ. ಗಾಳಿಯ ಒತ್ತಡ 28-30 ಪಿಎಸ್‌ಐಗೆ ಏರಿಸಿದರೂ ಎಳೆದಂತೆಯೇ ಇರುತ್ತದೆ.

ಇನ್ನು ಹೊಳೆದಂಡೆ. ಒಣಗಿದ್ದಾಗ ಇದರಷ್ಟು ಚೆಂದದ ದಾರಿ ಇಲ್ಲ, ಒಪ್ಪುತ್ತೇನೆ. ಬೇರುಗಳ ಮೇಲೆ ಹಾರಿಸಬಹುದು, ಪುಟ್ಟ ತಗ್ಗಿಗೆ ಇಳಿದು ಅದೇ ಓಟದಲ್ಲಿ ಮೇಲೆ ಬರಬಹುದು. ಒಂದು ಎಚ್ಚರ ಮಾತ್ರ ಬೇಕು. ನದಿ ತಿರುಗುವ ಕಡೆ ಒಳಬದಿಯಲ್ಲಿ ನೀರು ನಿಧಾನ, ಅಲ್ಲಿ ಮರಳು ಬಿಟ್ಟು ಹೋಗುತ್ತದೆ. ಹೊರಬದಿಯಲ್ಲಿ ನೀರು ಜೋರು, ದಡವನ್ನು ಬುಡದಿಂದ ಕೊರೆಯುತ್ತದೆ. ಮೇಲೆ ಹುಲ್ಲು ಹಾಗೇ ಇರುತ್ತದೆ, ಕೆಳಗೆ ಪೊಳ್ಳು. ಹೊರಬದಿಯ ಅಂಚಿನಲ್ಲಿ ಸೈಕಲ್ ಬಿಡಲೇಬೇಡಿ. ಒಳಬದಿಯ ಮರಳಲ್ಲಿ ಬಿದ್ದರೆ ಬಟ್ಟೆ ಕೊಳೆಯಾಗುತ್ತದೆ ಅಷ್ಟೇ.

ನನ್ನ ತಕರಾರು ಇದ್ಯಾವುದರ ಬಗ್ಗೆಯೂ ಅಲ್ಲ. ಮಣ್ಣಿನ ಬಗ್ಗೆ.

ನದಿ ಉಕ್ಕಿ ಇಳಿದಾಗ ದಂಡೆಯ ಮೇಲೆ ನುಣ್ಣನೆಯ ಮೆಕ್ಕಲು ಉಳಿಯುತ್ತದೆ. ಅದರಲ್ಲಿ ಜೇಡಿಯ ಪಾಲು ಜಾಸ್ತಿ. ಜೇಡಿಯ ಕಣ ಅಂದರೆ 0.002 ಮಿಲಿಮೀಟರಿಗಿಂತ ಸಣ್ಣದು. ಈ ಮಣ್ಣು ಪೂರ್ತಿ ನೀರಾಗಿದ್ದರೆ ತೊಂದರೆ ಕಡಿಮೆ, ಚಕ್ರ ತಿರುಗಿದಂತೆ ಸಿಡಿದು ಹೋಗುತ್ತದೆ. ಪೂರ್ತಿ ಒಣಗಿದ್ದರೆ ಸಿಮೆಂಟಿನಷ್ಟು ಗಟ್ಟಿ, ತೊಂದರೆಯೇ ಇಲ್ಲ. ಕಾಟ ಇರುವುದು ನಡುವಿನ ದಿನಗಳಲ್ಲಿ. ಕುಂಬಾರನ ಕೈಯಲ್ಲಿ ಇರುತ್ತದಲ್ಲ, ಆ ಹದ. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ, ಅಂಟಿದ ಮೇಲೆ ಬಿಡುವುದಿಲ್ಲ.

ಮೋಸ ಏನೆಂದರೆ ನೋಡಿದರೆ ಗೊತ್ತಾಗುವುದಿಲ್ಲ. ಮೇಲಿನ ಪದರ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ. ಆಹಾ ಒಣಗಿದೆ ಅಂತ ಒಳಗೆ ನುಗ್ಗುತ್ತೀರಿ. ಮುಂದಿನ ಚಕ್ರ ಆ ಪದರ ಒಡೆಯುತ್ತದೆ, ಹಿಂದಿನ ಚಕ್ರ ಕೆಳಗಿನದನ್ನು ಎತ್ತಿಕೊಳ್ಳುತ್ತದೆ. ಒಂದು ಸುತ್ತು, ಎರಡು ಸುತ್ತು, ಟೈರಿನ ಹಲ್ಲು ಮುಚ್ಚಿತು. ಅದರ ಮೇಲೆ ತರಗೆಲೆ, ಹುಲ್ಲು, ಕಡ್ಡಿ. ಎಲ್ಲವೂ ಫೋರ್ಕಿನ ಕಮಾನಿನ ಕೆಳಗೆ, ಪೆಡಲ್ ಹಿಂದೆ ಫ್ರೇಮಿನ ಎರಡು ಕೊಳವೆ ಕೂಡುವ ಸಂದಿಯಲ್ಲಿ ಹೋಗಿ ಕೂರುತ್ತವೆ. ಆಮೇಲೆ ಚಕ್ರ ನಿಂತೇ ಹೋಗುತ್ತದೆ. ತಳ್ಳಿದರೂ ಜಾರುತ್ತದೆ, ತಿರುಗುವುದಿಲ್ಲ. ಅಗಲ ಟೈರು ಹಾಕಿದವರಿಗೆ ಆ ಸಂದಿ ಮೊದಲೇ ಕಿರಿದು, ಇದು ಇನ್ನೂ ಬೇಗ ಆಗುತ್ತದೆ.

ನನಗೆ ಅಷ್ಟಕ್ಕೇ ಮುಗಿಯಲಿಲ್ಲ. ಮಣ್ಣಿನ ಜೊತೆ ಸುತ್ತಿಕೊಂಡಿದ್ದ ಒಂದು ಬಳ್ಳಿ, ಗೇರ್ ಬದಲಿಸುವಾಗ ಚೈನನ್ನು ಸರಿಸುವ ಡಿರೇಲರ್ ಒಳಗೆ ಎಳೆದುಕೊಂಡು ಹೋಗಿ ಹ್ಯಾಂಗರ್ ಬಾಗಿತು. ಹ್ಯಾಂಗರ್ ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಪುಟ್ಟ ತುಂಡು. ಪೆಟ್ಟು ಬಿದ್ದರೆ ಇದು ಬಾಗಲಿ, ಫ್ರೇಮು ಉಳಿಯಲಿ ಅಂತ ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಒಳ್ಳೆಯ ಯೋಚನೆಯೇ. ಆದರೆ ಒಂದೊಂದು ಫ್ರೇಮಿಗೂ ಒಂದೊಂದು ಆಕಾರ. 2019ರಲ್ಲಿ ಸ್ರಾಮ್ ಕಂಪನಿ ಎಲ್ಲರೂ ಬಳಸಲಿ ಅಂತ ಒಂದೇ ಮಾದರಿಯ ಹ್ಯಾಂಗರ್ ತಂದಿತು. ಅದಕ್ಕೆ ಹೊಂದುವಂತೆ ಮಾಡಿದ ಫ್ರೇಮ್ ನಿಮ್ಮದಾದರೆ ಬದುಕಿದಿರಿ. ನನ್ನದು ಅದಕ್ಕಿಂತ ಹಳೇದು. ಸರಿಯಾದ ತುಂಡು ಹುಡುಕಿ ತರಿಸುವವರೆಗೆ ಸೈಕಲ್ ಗೋಡೆಗೆ ಒರಗಿ ನಿಂತಿತ್ತು. ಬಾಗಿದ್ದನ್ನೇ ಹಾಗೇ ಓಡಿಸೋಣ ಅಂತ ಮಾತ್ರ ಹೋಗಬೇಡಿ. ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಬಿದ್ದಾಗ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಹೋಯಿತೆಂದರೆ ಚಕ್ರವೂ ಹೋಯಿತು.

ಆಮೇಲೆ ತೊಳೆಯುವ ಕೆಲಸ. ನಾನು ಇರುವುದು ಮಹಡಿ ಮೇಲೆ. ಬಕೆಟ್ಟು, ಬ್ರಷ್ಷು ಹಿಡಿದು ಕೂರಬೇಕು. ಜೋರಾಗಿ ನೀರು ಹಾರಿಸುವ ಪೈಪು ಸಿಕ್ಕರೂ ಚಕ್ರದ ನಡುವಿನ ಹಬ್ಬು, ಪೆಡಲ್ ಬೇರಿಂಗ್ ಕಡೆ ಹಿಡಿಯುವ ಹಾಗಿಲ್ಲ, ಸೀಲ್ ದಾಟಿ ನೀರು ಒಳಗೆ ಹೋಗುತ್ತದೆ. ನಾಳೆ ತೊಳೆಯೋಣ ಅಂತ ಬಿಟ್ಟರೆ ಆ ಮಣ್ಣೇ ಚೈನಿಗೆ ಅರ. ಚೈನ್ ಸವೆದು 0.5 ಪರ್ಸೆಂಟ್ ಉದ್ದವಾದರೆ 11, 12 ಗೇರಿನ ಸೈಕಲ್ಲುಗಳಲ್ಲಿ ಬದಲಾಯಿಸುವುದೇ ವಾಸಿ. ಇಲ್ಲದಿದ್ದರೆ ಹಲ್ಲುಚಕ್ರವನ್ನೂ ತಿನ್ನುತ್ತದೆ. ಓಡಿಸಿದ್ದಕ್ಕಿಂತ ಉಜ್ಜಿದ್ದೇ ಹೆಚ್ಚಾದರೆ ಅದು ಯಾವ ಸವಾರಿ ಹೇಳಿ?

ಇನ್ನೊಂದು ಮಾತು. ಇಂಥ ಮಣ್ಣಿನಲ್ಲಿ ನಾವು ಬಿಟ್ಟ ಗೆರೆ ಒಣಗಿ ಕಾಲುವೆಯಾಗುತ್ತದೆ, ಮುಂದಿನ ಮಳೆ ನೀರು ಅದರಲ್ಲೇ ಹರಿದು ದಾರಿಯನ್ನು ಕೊರೆಯುತ್ತದೆ. ಒಳಗೆ ಹೋಗುವ ಮೊದಲು ಹಿಮ್ಮಡಿ ಒತ್ತಿ ನೋಡಿ. ಕುಸಿದರೆ ವಾಪಸ್ ಬನ್ನಿ.

ಗುಡ್ಡದಲ್ಲಿ ಈ ರಗಳೆಯೇ ಇಲ್ಲ. ನೀರು ನಿಲ್ಲುವುದಿಲ್ಲ, ಜಲ್ಲಿ ಮಣ್ಣು ಬೇಗ ಆರುತ್ತದೆ. ಆದರೆ ಎಲ್ಲ ಗುಡ್ಡದ ದಾರಿಯೂ ಒಂದೇ ಅಲ್ಲ. ನೆತ್ತಿಗೆ ನೇರ ಹೋಗುವ ಹಳೇ ಕಾಲುದಾರಿ ಇರುತ್ತದೆ, ಬಳಸಿ ಬಳಸಿ ಹೋಗುವ ಇನ್ನೊಂದು ಇರುತ್ತದೆ. ಎರಡನೆಯದನ್ನೇ ಹಿಡಿಯಿರಿ. 1988ರಲ್ಲಿ ಶುರುವಾದ ಇಂಬಾ, ಅಂದರೆ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್, ದಾರಿ ಕಡಿಯುವವರಿಗೆ ಸುಲಭದ ಲೆಕ್ಕ ಕೊಟ್ಟಿದೆ. ಸರಾಸರಿ ಏರು 10 ಪರ್ಸೆಂಟ್ ದಾಟಬಾರದು, ಅಂದರೆ 100 ಮೀಟರ್ ಹೋದರೆ 10 ಮೀಟರ್ ಮೇಲೇರಬಹುದು. ಜೊತೆಗೆ ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ಗುಡ್ಡದ್ದು 16 ಇದ್ದರೆ ದಾರಿಯದು 8ರೊಳಗೆ. ಅದಕ್ಕಿಂತ ಕಡಿದಾದರೆ ನೀರು ದಾರಿಯನ್ನು ಅಡ್ಡ ದಾಟುವ ಬದಲು ದಾರಿಯುದ್ದಕ್ಕೂ ಹರಿಯುತ್ತದೆ. ನೇರ ದಾರಿಗಳು ಕೊರಕಲಾಗಿ ಕಲ್ಲು ಎದ್ದಿರುವುದು ಇದಕ್ಕೇ.

ಇಲ್ಲಿ ಅಗಲ ಟೈರಿನ ಬೆಲೆ ಗೊತ್ತಾಗುತ್ತದೆ. ಮುಂದೆ 20, ಹಿಂದೆ 23 ಪಿಎಸ್‌ಐ ಇಟ್ಟುಕೊಳ್ಳುತ್ತೇನೆ. ಸಡಿಲ ಜಲ್ಲಿಯ ತಿರುವಿನಲ್ಲೂ ಹಿಡಿತ ಬಿಡುವುದಿಲ್ಲ, ಹಿಂದೆ ಸಸ್ಪೆನ್ಷನ್ ಇಲ್ಲದ್ದು ಅಷ್ಟಾಗಿ ಕಾಡುವುದಿಲ್ಲ. ಮುಳ್ಳು ಚುಚ್ಚಿದರೆ ಟೈರಿನೊಳಗೆ ಹಾಕಿದ ಸೀಲೆಂಟ್ ದ್ರವ ತೂತನ್ನು ಮುಚ್ಚಿಬಿಡುತ್ತದೆ. ಅದು ಒಣಗುತ್ತದೆ, ಕೆಲವು ತಿಂಗಳಿಗೊಮ್ಮೆ ಹಾಕುತ್ತಿರಬೇಕು.

ಗುಡ್ಡದ ಕೊರತೆಯೂ ಇದೆ. ಮನೆಯಿಂದ ಹೊರಟ ಕೂಡಲೇ ಏರು, ಕಾಲು ಇನ್ನೂ ಬಿಸಿಯಾಗಿರುವುದಿಲ್ಲ. ಇಳಿಯುವಾಗ ಬ್ರೇಕ್ ಕಾಯುತ್ತದೆ. ಇದು ಹಳೇ ಕಥೆ ಬಿಡಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ದಪ್ಪ ಟೈರಿನ ಹಳೇ ಸೈಕಲ್ ಹಿಡಿದು ಗುಡ್ಡ ಇಳಿಯುತ್ತಿದ್ದವರಿಗೆ ಇದ್ದದ್ದು ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಹಬ್ ಬ್ರೇಕು. ಕೆಳಗೆ ಬರುವಷ್ಟರಲ್ಲಿ ಒಳಗಿನ ಗ್ರೀಸು ಹೊಗೆಯಾಗಿ ಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಈಗಿನ ಡಿಸ್ಕ್ ಬ್ರೇಕಿಗೆ ಆ ಗತಿ ಇಲ್ಲ. ಆದರೂ ಇಳಿಜಾರಿನುದ್ದಕ್ಕೂ ಹಿಡಿದೇ ಬರಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಆಮೇಲೆ ಬಿಡಿ.

ಮಕ್ಕಳ ಜೊತೆ ಹೋಗುವವರಿಗೆ, ಗಾಯದಿಂದ ಎದ್ದವರಿಗೆ ಏರಿಯೇ ಸರಿ. ಬಿಡುವು ಇದ್ದು, ಅಂಗಳದಲ್ಲಿ ನಲ್ಲಿ ಇದ್ದವರು ಹೊಳೆದಂಡೆ ನೋಡಬಹುದು. ನನ್ನದು ಕೆಲಸಕ್ಕೆ ಹೊರಡುವ ಮುಂಚಿನ ಸವಾರಿ. ಬಂದವನು ಸೈಕಲ್ ಒರೆಸಿ ಒಳಗಿಟ್ಟು ಸ್ನಾನಕ್ಕೆ ಹೋಗಬೇಕು, ಅಷ್ಟೇ ಪುರುಸೊತ್ತು. ಕೆಸರಿಗೆ ಅಂತಲೇ ಕಿರಿದಾದ, ಹಲ್ಲು ದೂರ ದೂರ ಇರುವ ಟೈರು ಬರುತ್ತವೆ. ವರ್ಷದ ಕೆಲವು ವಾರಕ್ಕೋಸ್ಕರ ಇನ್ನೊಂದು ಜೊತೆ ಕೊಳ್ಳಲು ನನ್ನ ಜೇಬು ಒಪ್ಪಲಿಲ್ಲ. ಅದಕ್ಕಿಂತ ಕಡಿಮೆ ದುಡ್ಡಲ್ಲಿ ಬ್ರೇಕ್ ಪ್ಯಾಡು, ಮತ್ತೊಂದು ಹ್ಯಾಂಗರು ತಂದು ಬ್ಯಾಗಿನಲ್ಲಿ ಹಾಕಿಟ್ಟಿದ್ದೇನೆ.