ಆ್ಯಡ್-ಆನ್ ಇಲ್ಲದ ವಿಮ್: ನಾಲ್ಕು ವರ್ಷ ಬಳಸಿದ ಮೇಲೆ

ಗಂಗಾವತಿಯ ಒಂದು ರೈಸ್ ಮಿಲ್ಲಿನ ಲೆಕ್ಕ ನೋಡಿಕೊಳ್ಳುತ್ತೇನೆ. ವೇಬ್ರಿಡ್ಜಿನ ತೂಕದ ಪಟ್ಟಿ, ಬಿಲ್ಲು ತೆಗೆಯುವ ಸಣ್ಣ ಸ್ಕ್ರಿಪ್ಟುಗಳು, ಎಲ್ಲಾ ವಿಮ್ ಅನ್ನುವ ಟೆಕ್ಸ್ಟ್ ಎಡಿಟರಿನಲ್ಲೇ. ಮೊದಲು ಅದಕ್ಕೆ ಹೆಚ್ಚಿನ ಸೌಲಭ್ಯ ಕೊಡುವ ಹದಿನೈದು ಆ್ಯಡ್-ಆನ್ ಹಾಕಿಕೊಂಡಿದ್ದೆ. ಒಂದು ಸುಗ್ಗಿಯಲ್ಲಿ ಭತ್ತದ ಟ್ರ್ಯಾಕ್ಟರುಗಳು ಗೇಟಿನ ಹೊರಗೆ ಸಾಲು ನಿಂತಿದ್ದವು. ಹಿಂದಿನ ರಾತ್ರಿ ಅಪ್‌ಡೇಟ್ ಮಾಡಿದ ಒಂದು ಆ್ಯಡ್-ಆನ್ ಇನ್ನೊಂದಕ್ಕೆ ಹೊಂದಲಿಲ್ಲ. ಎಡಿಟರ್ ತೆರೆದರೆ ಬರೀ ಎರರ್. ಅವತ್ತೇ ಎಲ್ಲಾ ಕಿತ್ತುಹಾಕಿದೆ.

ಈಗ ಇರುವುದು 48 ಸಾಲಿನ ಒಂದು ವಿಮ್‌ಆರ್‌ಸಿ ಫೈಲು, ಅಂದರೆ ವಿಮ್‌ನ ಸೆಟ್ಟಿಂಗುಗಳ ಫೈಲು. ಯಾವ ಸಾಲು ಯಾಕಿದೆ ಅಂತ ನನಗೆ ಗೊತ್ತು.

ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅಂಡೂಫೈಲ್ ಅನ್ನುವ ಸೆಟ್ಟಿಂಗ್. 2010ರ 7.3 ಆವೃತ್ತಿಯಿಂದ ವಿಮ್ ಒಳಗೇ ಇದೆ. ಸೇವ್ ಮಾಡಿ ಮುಚ್ಚಿದ ಫೈಲನ್ನು ಮರುದಿನ ತೆರೆದು ‘ಯು’ ಒತ್ತಿದರೂ ನಿನ್ನೆಯ ತಿದ್ದುಪಡಿ ಹಿಂದಕ್ಕೆ ಹೋಗುತ್ತದೆ. ಆದರೆ ಆ ತಿದ್ದುಪಡಿಗಳ ದಾಖಲೆ ಎಲ್ಲಿಡಬೇಕು ಅಂತ ಅಂಡೂಡಿರ್ ಸೆಟ್ಟಿಂಗಿನಲ್ಲಿ ಹೇಳಿದ ಫೋಲ್ಡರನ್ನು ನಾವೇ ಮಾಡಿಡಬೇಕು. ಇಲ್ಲದಿದ್ದರೆ ವಿಮ್ ಏನೂ ಹೇಳದೆ ಸುಮ್ನೆ ಇರುತ್ತದೆ. ಇದು ತಿಳಿಯುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು.

ಕರೆಂಟ್ ಹೋದರೆ ಸ್ವಾಪ್ ಫೈಲ್, ಅಂದರೆ ಸೇವ್ ಮಾಡದ ಕೆಲಸದ ತಾತ್ಕಾಲಿಕ ಫೈಲು, ಕಾಪಾಡುತ್ತದೆ. 200 ಅಕ್ಷರ ಟೈಪ್ ಮಾಡಿದರೆ, ಇಲ್ಲವೇ 4 ಸೆಕೆಂಡ್ ಕೈ ನಿಂತರೆ, ಅದು ಡಿಸ್ಕಿಗೆ ಬರೆದುಕೊಳ್ಳುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಎರಡು ಫೈಲುಗಳ ವ್ಯತ್ಯಾಸ ತೋರಿಸುವ ವಿಮ್‌ಡಿಫ್. ತೂಕದ ಪಟ್ಟಿ, ಬಿಲ್ಲಿನ ಪಟ್ಟಿ ಎರಡನ್ನೂ ದಿನಾ ಸಂಜೆ ಅಕ್ಕಪಕ್ಕ ತೆರೆಯುತ್ತೇನೆ. ಬಿಟ್ಟುಹೋದ ಚೀಟಿ ಬಣ್ಣದಲ್ಲಿ ಎದ್ದು ಕಾಣುತ್ತದೆ. ರೈತರ ದುಡ್ಡು ಅಲ್ವಾ, ಒಂದು ಚೀಟಿ ತಪ್ಪಿದರೂ ರಾತ್ರಿ ನಿದ್ದೆ ಬರುವುದಿಲ್ಲ.

ಕೊರತೆಯೂ ಇದೆ. ಫೈಲು ಹುಡುಕುವ ನೆಟ್‌ಆರ್‌ಡಬ್ಲ್ಯೂ ಕೈಗೆ ಒಗ್ಗಲೇ ಇಲ್ಲ. ಎಲ್ಲೆಲ್ಲಿ ಹುಡುಕಬೇಕು ಅಂತ ಹೇಳುವ ಪಾತ್ ಸೆಟ್ಟಿಂಗಿಗೆ ಎರಡು ನಕ್ಷತ್ರ (**) ಸೇರಿಸಿ ‘ಫೈಂಡ್’ ಕಮಾಂಡ್ ಬಳಸುತ್ತೇನೆ, ಒಳಫೋಲ್ಡರುಗಳಲ್ಲೂ ಸಿಗುತ್ತದೆ. ವಿಮ್ ತೆರೆಯುವ ನನ್ನ ಟರ್ಮಿನಲ್ ವಿಂಡೋದಲ್ಲಿ ಕನ್ನಡದ ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಕನ್ನಡದ ಪತ್ರವನ್ನು ಬೇರೆ ಕಡೆ ಬರೆಯುತ್ತೇನೆ. ಇದು ನಿಜಕ್ಕೂ ಬೇಸರದ ವಿಷಯ.

1991ರಲ್ಲಿ ವಿಮ್ ಬಿಡುಗಡೆ ಮಾಡಿದ ಬ್ರಾಮ್ ಮೂಲೆನಾರ್ 2023ರಲ್ಲಿ ತೀರಿಕೊಂಡಾಗ, ಮುಂದೆ ಹೇಗೋ ಎಂದು ಭಯವಾಗಿತ್ತು. ಜೊತೆಗಾರರು ಕೆಲಸ ಮುಂದುವರಿಸಿದರು. 2024ರ 9.1 ಆವೃತ್ತಿಯನ್ನು ಅವರಿಗೇ ಅರ್ಪಿಸಿದರು. ಅದಕ್ಕೆ ಬದಲಾದಾಗ ನನ್ನ ಫೈಲಿನಲ್ಲಿ ಒಂದು ಸಾಲೂ ತಿದ್ದಬೇಕಾಗಲಿಲ್ಲ.

ಕಳೆದ ತಿಂಗಳು ಮಿಲ್ಲಿಗೆ ಕಾರಟಗಿಯ ಹುಡುಗನೊಬ್ಬ ಸೇರಿದ. ಅವನ ಕಂಪ್ಯೂಟರಿಗೆ ಪೆನ್‌ಡ್ರೈವಿನಿಂದ ಅದೇ ಫೈಲು ಹಾಕಿಕೊಟ್ಟೆ. ಅಂಡೂ ಫೋಲ್ಡರನ್ನು ಮೊದಲೇ ಮಾಡಿಟ್ಟೆ.